ರಾಜರಿಲ್ಲದ ರಾಜಾಧಿರಾಜ: ಇರಾನಿನ ಅರಸು ಬಿರುದುಗಳ ಒಳಗಿನ ರಾಜಕೀಯ

ಇರಾನಿನ ಕೊನೆಯ ದೊರೆ ಮಹಮ್ಮದ್ ರೆಜಾ ಶಾಹನ ಹಿರಿಯ ಮಗ ರೆಜಾ ಪಹ್ಲವಿ ಅವರನ್ನು ಇರಾನಿಯರು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಅರಸೊತ್ತಿಗೆ ಮರಳಬೇಕು ಎನ್ನುವವರ ಬಾಯಲ್ಲಿ ಅವರು ಎರಡನೇ ರೆಜಾ ಶಾಹ್. ಗೌರವವಿದ್ದರೂ ಅಷ್ಟು ದೂರ ಹೋಗಲು ಒಪ್ಪದವರು 'ಶಾಹ್‌ಜಾದೆ', ಅಂದರೆ ರಾಜಕುಮಾರ, ಎನ್ನುತ್ತಾರೆ. ಗಣರಾಜ್ಯ ಬಯಸುವವರಿಗೆ ಅವರು ಬರೀ 'ಆಘಾ-ಯೆ ಪಹ್ಲವಿ', ಅಂದರೆ ಶ್ರೀ ಪಹ್ಲವಿ. ಸಂದರ್ಶಕರು ಯಾವ ಸಂಬೋಧನೆಯಿಂದ ಮಾತು ಶುರುಮಾಡಿದರು ಎಂಬುದರ ಮೇಲೇ ಅವರ ನಿಲುವನ್ನು ಜನ ಅಳೆಯುತ್ತಾರೆ. ದೇಶಾಂತರ ಹೋದ ಇರಾನಿಯರ ಮೆರವಣಿಗೆಗಳಲ್ಲಿ 'ಜಾವೀದ್ ಶಾಹ್', ಶಾಹ್ ಚಿರಾಯುವಾಗಲಿ ಎಂಬ ಕೂಗು ಎದ್ದರೆ, ಇನ್ನೊಂದು ಸಾಲಿನಿಂದ 'ದಬ್ಬಾಳಿಕೆ ಮಾಡುವವನಿಗೆ ಸಾವು, ಅವನು ಶಾಹ್ ಆಗಿರಲಿ, ರಹ್‌ಬರ್ ಆಗಿರಲಿ' ಎಂಬ ಕೂಗು ಏಳುತ್ತದೆ. ರಹ್‌ಬರ್ ಎಂದರೆ ಇಸ್ಲಾಮಿಕ್ ಗಣರಾಜ್ಯದ ಪರಮೋಚ್ಚ ನಾಯಕ.

ದೂರದಿಂದ ನೋಡುವವರಿಗೆ ಇದು ಹಳೆಯ ವೈಭವದ ಹಂಬಲಕ್ಕೂ ಹಳೆಯ ಗಾಯಕ್ಕೂ ನಡೆಯುತ್ತಿರುವ ಜಗಳದಂತೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಎರಡೂವರೆ ಸಾವಿರ ವರ್ಷಗಳಲ್ಲಿ ಆ ನೆಲದ ಅರಸರು ಧರಿಸಿದ ಬಿರುದುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ, ಅಧಿಕಾರ ಯಾರು ಕೊಟ್ಟದ್ದು ಎಂಬ ಪ್ರಶ್ನೆಯ ಜೊತೆಗೆ, ಅರಸನ ಕೆಳಗೆ ಯಾರಿದ್ದರು ಎಂಬ ಪ್ರಶ್ನೆಯೂ ಅವುಗಳ ಒಳಗೇ ಇದೆ. ಇವತ್ತಿನ ಇರಾನಿನಲ್ಲಿ ಬಗೆಹರಿಯದೆ ಉಳಿದಿರುವುದು ಹೆಚ್ಚಾಗಿ ಈ ಎರಡನೆಯ ಪ್ರಶ್ನೆ.

ಪಶ್ಚಿಮ ಇರಾನಿನ ಕೆರ್ಮಾನ್‌ಶಾಹ್ ಬಳಿ ಬಿಸೊತುನ್ ಎಂಬ ಬೆಟ್ಟವಿದೆ. ಅದರ ಕಡಿದಾದ ಬಂಡೆಯ ಮೇಲೆ, ಹಾದಿಹೋಕರ ಕೈಗೆ ಎಟುಕದ ಎತ್ತರದಲ್ಲಿ, ಮೊದಲನೇ ಡೇರಿಯಸ್ ಕ್ರಿಸ್ತಪೂರ್ವ 520ರ ಆಸುಪಾಸಿನಲ್ಲಿ ಒಂದು ಉಬ್ಬುಶಿಲ್ಪವನ್ನೂ ದೀರ್ಘ ಶಾಸನವನ್ನೂ ಕೆತ್ತಿಸಿದ. ಶಾಸನ ಹಳೆಯ ಪರ್ಷಿಯನ್, ಇಲಾಮೈಟ್, ಬ್ಯಾಬಿಲೋನಿಯನ್ ಎಂಬ ಮೂರು ಭಾಷೆಗಳಲ್ಲಿದೆ. ಅದರ ಮೊದಲ ಮಾತು ಹೀಗೆ: 'ನಾನು ಡೇರಿಯಸ್, ಮಹಾರಾಜ, ರಾಜರ ರಾಜ, ಪಾರ್ಸದ ರಾಜ, ನಾಡುಗಳ ರಾಜ, ವಿಷ್ತಾಸ್ಪನ ಮಗ, ಅರ್ಶಾಮನ ಮೊಮ್ಮಗ, ಹಖಾಮನಿಷ್ ಕುಲದವ.' ರಾಜರ ರಾಜ ಎಂಬುದಕ್ಕೆ ಮೂಲದಲ್ಲಿರುವುದು 'ಕ್ಷಾಯಥಿಯ ಕ್ಷಾಯಥಿಯಾನಾಮ್'. ಸಂಸ್ಕೃತದ ಕ್ಷತ್ರ, ಕ್ಷತ್ರಿಯ ಬಲ್ಲವರ ಕಿವಿಗೆ ಇದು ಪರಕೀಯವೆನಿಸದು. ಈ 'ಕ್ಷಾಯಥಿಯ'ವೇ ಶತಮಾನಗಳ ನಾಲಗೆಯಲ್ಲಿ ಸವೆದು 'ಶಾಹ್' ಆಯಿತು. ಇಡೀ ನುಡಿಗಟ್ಟು 'ಶಾಹಾನ್ ಶಾಹ್', ನಮ್ಮ ಬಾಯಿಯ ಶಹೆನ್‌ಶಾಹ.

ಶಿಲ್ಪವನ್ನು ಹತ್ತಿರದಿಂದ ನೋಡಿದರೆ ಬಿರುದಿನ ಅರ್ಥ ಇನ್ನೂ ಸ್ಪಷ್ಟ. ಡೇರಿಯಸ್ ಕೈಯಲ್ಲಿ ಬಿಲ್ಲು ಹಿಡಿದು ನಿಂತಿದ್ದಾನೆ. ಕಾಲಡಿಯಲ್ಲಿ, ಸಿಂಹಾಸನ ಕಬಳಿಸಿದ್ದನೆಂದು ಆತ ಹೇಳುವ ಗೌಮಾತ ಅಂಗಾತ ಬಿದ್ದಿದ್ದಾನೆ. ಎದುರಿಗೆ, ಕೈ ಹಿಂದಕ್ಕೆ ಕಟ್ಟಿಸಿಕೊಂಡು, ಕೊರಳುಗಳನ್ನು ಒಂದೇ ಹಗ್ಗಕ್ಕೆ ಸಿಕ್ಕಿಸಿಕೊಂಡು ಒಂಬತ್ತು ಮಂದಿ ಸಾಲಾಗಿ ನಿಂತಿದ್ದಾರೆ. ತಲೆಯ ಮೇಲೆ ರೆಕ್ಕೆಯುಳ್ಳ ದೈವ. 'ಅಹುರಮಜ್ದಾನ ಕೃಪೆಯಿಂದ ನಾನು ರಾಜ' ಎಂದು ಪರಮದೈವದ ಹೆಸರು ಹೇಳುವ ಮಾತು ಶಾಸನದಲ್ಲಿ ಮತ್ತೆ ಮತ್ತೆ ಬರುತ್ತದೆ. ಸೈರಸ್‌ನ ನೇರ ವಂಶದವನಲ್ಲದ ಈ ದೊರೆ ಸಿಂಹಾಸನ ಏರುತ್ತಿದ್ದಂತೆ ನಾಡುನಾಡುಗಳು ದಂಗೆಯೆದ್ದಿದ್ದವು. ಹತ್ತೊಂಬತ್ತು ಕಾಳಗ ಗೆದ್ದೆ, ಒಂಬತ್ತು ರಾಜರನ್ನು ಹಿಡಿದೆ ಎಂದು ಆತನೇ ಬರೆಸಿದ್ದಾನೆ. ಹೀಗೆ ನೋಡಿದರೆ 'ರಾಜರ ರಾಜ' ಎಂಬುದು ಬಂಡೆದ್ದವರ ಎದುರು ಮುಂದಿಟ್ಟ ಹಕ್ಕುದಾವೆ. ಹಾಗೆಂದು ಅದರಲ್ಲಿ ಬರೀ ಹಗ್ಗವೇ ಇತ್ತು ಎಂದರೂ ತಪ್ಪಾದೀತು. ಅದೇ ಡೇರಿಯಸ್‌ನ ಶಿಲೆಯ ಪ್ರತಿಮೆಯೊಂದು 1972ರಲ್ಲಿ ಸೂಸಾದಲ್ಲಿ ಸಿಕ್ಕಿತು. ಅದರ ಮೇಲೆ ಈಜಿಪ್ಟಿನ ಚಿತ್ರಲಿಪಿಯಲ್ಲಿ ಆತ ಮೇಲಣ ಮತ್ತು ಕೆಳಗಣ ಈಜಿಪ್ಟಿನ ಅರಸ. ಆತನಿಗಿಂತ ಮುಂಚೆ, ಕ್ರಿಸ್ತಪೂರ್ವ 539ರಲ್ಲಿ ಬ್ಯಾಬಿಲೋನ್ ಗೆದ್ದ ಸೈರಸ್, ತನ್ನ ಹೆಸರಿನ ಮಣ್ಣಿನ ಸಿಲಿಂಡರಿನಲ್ಲಿ 'ಬ್ಯಾಬಿಲೋನಿನ ರಾಜ, ಸುಮೇರ್ ಮತ್ತು ಅಕ್ಕಾಡಿನ ರಾಜ, ನಾಲ್ಕು ದಿಕ್ಕುಗಳ ರಾಜ' ಎಂದು ಆ ನೆಲದ ಅರಸರಂತೆಯೇ ಹೇಳಿಕೊಂಡಿದ್ದ. ಯಾವ ನಾಡಿಗೆ ಹೋದರೆ ಆ ನಾಡಿನ ಅರಸನಾಗುವುದು, ಅಲ್ಲಿನ ದೇವರು, ಭಾಷೆ, ರೀತಿಗಳನ್ನು ಉಳಿಸುವುದು, ಎಲ್ಲದರ ಮೇಲೆ ತಾನಿರುವುದು: ಬಿರುದಿನ ಹಿಂದೆ ಇಂಥದೊಂದು ಆಳ್ವಿಕೆಯ ಕ್ರಮವಿತ್ತು. 'ನಾಡುಗಳ ರಾಜ' ಎಂಬ ಬಹುವಚನವನ್ನು ಗಮನಿಸಬೇಕು.

ಈ ಬಿರುದನ್ನು ಪರ್ಷಿಯನ್ನರೇ ಹುಟ್ಟಿಸಿದರು ಎನ್ನುವಂತಿಲ್ಲ. ಅಸಿರಿಯಾದ ಅರಸರು ಶತಮಾನಗಳ ಮೊದಲೇ ರಾಜರ ರಾಜರೆನಿಸಿಕೊಂಡಿದ್ದರು. ಆದರೆ ಅದನ್ನು ಉಳಿಸಿ ಬೆಳೆಸಿದವರು ಇರಾನಿನವರು. ಅಲೆಕ್ಸಾಂಡರನ ನಂತರ ಸುಮಾರು ಎರಡು ಶತಮಾನ ಮರೆಯಾಗಿದ್ದ ಅದನ್ನು ಪಾರ್ಥಿಯಾದ ಎರಡನೇ ಮಿಥ್ರಿದಾತೀಸ್ ಗ್ರೀಕ್ ಭಾಷೆಯಲ್ಲಿ ತನ್ನ ನಾಣ್ಯಗಳ ಮೇಲೆ ಮತ್ತೆ ಟಂಕಿಸಿದ. ಮುಂದೊಮ್ಮೆ ರೋಮಿನ ಸೇನಾನಿ ಪಾಂಪೇ, ಪಾರ್ಥಿಯಾದ ದೊರೆಗೆ ಬರೆದ ಪತ್ರದಲ್ಲಿ ಬೇಕೆಂದೇ 'ರಾಜರ' ಎಂಬುದನ್ನು ಬಿಟ್ಟು ಬರೀ 'ರಾಜ' ಎಂದು ಸಂಬೋಧಿಸಿದ. ಸಂಬೋಧನೆಯ ರಾಜಕೀಯ ಅಷ್ಟು ಹಳೆಯದು.

ಇಲ್ಲಿಂದ ಅದು ಭಾರತಕ್ಕೂ ಬಂತು. ವಾಯವ್ಯದಲ್ಲಿ ಆಳಿದ ಶಕ ದೊರೆ ಮೋಗನ ನಾಣ್ಯಗಳ ಮೇಲೆ ಖರೋಷ್ಠಿ ಲಿಪಿಯಲ್ಲಿ 'ರಾಜಾತಿರಾಜ' ಎಂದಿದೆ. ಕನಿಷ್ಕನ ನಾಣ್ಯಗಳಲ್ಲಿ ಬಾಕ್ಟ್ರಿಯನ್ ಭಾಷೆಯ 'ಶಾಓನಾನೋ ಶಾಓ', ಅದೇ ಶಹೆನ್‌ಶಾಹ. ಆರಾ ಎಂಬಲ್ಲಿ ಸಿಕ್ಕಿದ ಕುಷಾಣ ಶಾಸನದಲ್ಲಂತೂ ಅದೇ ಹೆಸರಿನ ಮುಂದಿನ ಕನಿಷ್ಕನೊಬ್ಬನೇ ಮಹಾರಾಜ, ರಾಜಾತಿರಾಜ, ದೇವಪುತ್ರ, ಕೈಸರ ಎಲ್ಲವೂ ಹೌದು. ಭಾರತ, ಇರಾನ್, ಚೀನಾ, ರೋಮ್ ನಾಲ್ಕೂ ಕಡೆಯ ಹಿರಿಮೆ ಒಂದೇ ಸಾಲಿನಲ್ಲಿ. ಸಮುದ್ರಗುಪ್ತನ ಪ್ರಯಾಗ ಪ್ರಶಸ್ತಿಯಲ್ಲಿ ಹರಿಷೇಣ ಗಡಿನಾಡಿನ ದೊರೆಗಳನ್ನು ಎಣಿಸುವಾಗ 'ದೈವಪುತ್ರ ಷಾಹಿ ಷಾಹಾನುಷಾಹಿ' ಎನ್ನುತ್ತಾನೆ. ವಿಜಯನಗರದ ಶಾಸನಗಳಲ್ಲಿ ನಾವು ಓದುವ 'ರಾಜಾಧಿರಾಜ ರಾಜಪರಮೇಶ್ವರ'ದ ಹಿಂದೆಯೂ ಈ ದೂರದ ನೆಂಟಸ್ತಿಕೆ ಇದೆ. ಬಂಡವಾಳಶಾಹಿ, ಅಧಿಕಾರಶಾಹಿ ಎಂದು ದಿನವೂ ಬರೆಯುವಾಗ ನಾವು ಬಳಸುವ 'ಶಾಹಿ' ಬಂದದ್ದೂ ಅಲ್ಲಿಂದಲೇ.

ಕ್ರಿಸ್ತಶಕ 224ರಲ್ಲಿ ಪಾರ್ಥಿಯನ್ನರನ್ನು ಸೋಲಿಸಿದ ಅರ್ದಶೀರನಿಂದ ಸಸಾನಿಯನ್ ಆಳ್ವಿಕೆ ಆರಂಭ. ಆತ ನಾಣ್ಯದ ಮೇಲೆ ಹಾಕಿಸಿಕೊಂಡದ್ದು 'ಮಜ್ದಾನ ಆರಾಧಕ, ದೈವಸಮಾನ ಅರ್ದಶೀರ, ಇರಾನಿನ ರಾಜರ ರಾಜ, ದೇವತೆಗಳಿಂದ ಬಂದ ಬೀಜದವನು' ಎಂದು. 'ಇರಾನ್' ಎಂಬ ಹೆಸರು ಅರಸನ ಬಿರುದಿನೊಳಗೆ ಸೇರಿದ್ದು ಇಲ್ಲಿ. ಮಗ ಶಾಪುರ್ ರೋಮ್ ಸಾಮ್ರಾಟ ವಲೇರಿಯನ್‌ನನ್ನು ಸೆರೆಹಿಡಿದವನು. ಅವನ ಬಿರುದು 'ಇರಾನ್ ಮತ್ತು ಅನಿರಾನಿನ ರಾಜರ ರಾಜ' ಎಂದು ಹಿಗ್ಗಿತು. ಅನಿರಾನ್ ಎಂದರೆ ಇರಾನ್ ಅಲ್ಲದ್ದು. ಮುಂದೆ ಎರಡನೇ ಶಾಪುರ್ ರೋಮಿಗೆ ಬರೆದ ಪತ್ರದಲ್ಲಿ ತನ್ನನ್ನು ನಕ್ಷತ್ರಗಳ ಸಹಭಾಗಿ, ಸೂರ್ಯಚಂದ್ರರ ಸೋದರ ಎಂದು ಕರೆದುಕೊಂಡನೆಂದು ರೋಮನ್ ಇತಿಹಾಸಕಾರ ಅಮ್ಮಿಯಾನುಸ್ ದಾಖಲಿಸಿದ್ದಾನೆ.

ಇಷ್ಟಾದರೂ ಸಸಾನಿಯನ್ನರ ಕಾಲದಲ್ಲಿ 'ರಾಜರ ರಾಜ'ನ ಕೆಳಗೆ ನಿಜವಾಗಿಯೂ ರಾಜರಿದ್ದರು. ನಖ್ಷ್-ಎ-ರೋಸ್ತಮಿನ ಕಾಬಾ-ಯೆ-ಜರ್ತೋಶ್ತ್ ಗೋಡೆಯ ಮೇಲೆ ಶಾಪುರ್ ಕೊರೆಸಿದ ಶಾಸನ ಆಸ್ಥಾನಿಕರನ್ನು ಹೆಸರು ಹಿಡಿದು ಎಣಿಸುತ್ತದೆ. ಅದರಲ್ಲಿ ಅದಿಯಾಬೀನಿನ ರಾಜನಿದ್ದಾನೆ, ಕಿರ್ಮಾನಿನ ರಾಜನಿದ್ದಾನೆ, ಮೇಶಾನಿನ ರಾಣಿ ದೇನಗ್ ಇದ್ದಾಳೆ. ಶಕರ ನಾಡನ್ನು ಆಳುವ ರಾಜಕುಮಾರ ಸಕಾನ್‌ಶಾಹ್, ಪೂರ್ವದ ಕುಷಾಣ ನೆಲವನ್ನು ಆಳುವವನು ಕುಷಾನ್‌ಶಾಹ್. ಕಿರ್ಮಾನ್‌ಶಾಹ್ ಆಗಿದ್ದವನೊಬ್ಬ ನಾಲ್ಕನೇ ಬಹ್ರಾಮ್ ಎಂಬ ಹೆಸರಿನಲ್ಲಿ ಪಟ್ಟವೇರಿದ. ಬಿಸೊತುನ್ ಬಳಿಯ ಊರಿಗೆ ಕೆರ್ಮಾನ್‌ಶಾಹ್ ಎಂಬ ಹೆಸರು ಬಂದದ್ದು ಅವನಿಂದ ಎನ್ನುತ್ತಾರೆ. ಸೂರೇನ್, ಕಾರೇನ್, ಮಿಹ್ರಾನ್ ಮುಂತಾದ ಹಿರಿಯ ಮನೆತನಗಳಿಗೆ ತಮ್ಮದೇ ನೆಲ, ತಮ್ಮದೇ ದಂಡು ಇದ್ದವು. ಮಹಾಮಂಡಲೇಶ್ವರ, ಸಾಮಂತರ ವ್ಯವಸ್ಥೆಯನ್ನು ಶಾಸನಗಳಲ್ಲಿ ಓದಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

651ರಲ್ಲಿ ಕೊನೆಯ ಸಸಾನಿಯನ್ ದೊರೆ ಮೂರನೇ ಯಜ್ದಗಿರ್ದ್ ಕೊಲೆಯಾದ. ಅರಬರ ಜೊತೆ ಬಂದ ಹೊಸ ಧರ್ಮಕ್ಕೆ ಈ ಬಿರುದು ಮೊದಲಿನಿಂದಲೂ ಸಲ್ಲದ್ದು. ದೇವರ ಮುಂದೆ ಅತ್ಯಂತ ಹೀನವಾದ ಹೆಸರು 'ರಾಜರ ರಾಜ' ಎಂದು ಕರೆದುಕೊಳ್ಳುವವನದು ಎಂಬ ಹದೀಸ್, ಪ್ರವಾದಿಯದೆಂದು ದಾಖಲಾದ ನುಡಿ, ಇದೆ; ಅದನ್ನು ವಿವರಿಸಿದವರು 'ಶಾಹಾನ್ ಶಾಹ್' ಎಂಬ ಪರ್ಷಿಯನ್ ಪದವನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಆದರೂ ಮೂರು ಶತಮಾನ ಕಳೆಯುವಷ್ಟರಲ್ಲಿ, ಬಗ್ದಾದಿನ ಖಲೀಫನನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡ ಇರಾನಿನ ಬುವೈಹಿ ದೊರೆಗಳು ಅದನ್ನು ಮತ್ತೆ ಧರಿಸಿದರು.

ಆ ಕಾಲದ ಒಂದು ಘಟನೆ ನನಗೆ ತುಂಬ ಮುಖ್ಯವೆನಿಸುತ್ತದೆ. ಹಿಜರಿ 429ರಲ್ಲಿ, ಅಂದರೆ 1037-38ರ ಸುಮಾರಿಗೆ, ಬುವೈಹಿ ದೊರೆ ಜಲಾಲುದ್ದೌಲ ತನಗೆ ಶಾಹಾನ್ ಶಾಹ್, ರಾಜರ ರಾಜ ಎಂಬ ಬಿರುದು ಕೊಡುವಂತೆ ಖಲೀಫನನ್ನು ಕೇಳಿದ. ಶುಕ್ರವಾರದ ಖುತ್ಬಾದಲ್ಲಿ, ಅಂದರೆ ಮಸೀದಿಯ ಪ್ರವಚನದಲ್ಲಿ, ಅದನ್ನು ಓದುತ್ತಿದ್ದಂತೆ ಬಗ್ದಾದಿನ ಜನ ರೊಚ್ಚಿಗೆದ್ದು ಪ್ರವಚನಕಾರರ ಮೇಲೆ ಇಟ್ಟಿಗೆ ಎಸೆದರು. ವಿಷಯ ನ್ಯಾಯಪಂಡಿತರ ಮುಂದೆ ಹೋಯಿತು. ಹಲವರು ಒಪ್ಪಿಗೆಯ ದಾರಿ ಹುಡುಕಿದರು: ಇದು ಭೂಮಿಯ ಮೇಲಿನ ರಾಜರ ಮಾತಷ್ಟೇ, ದೇವರ ಪದವಿಗೆ ಇದರಿಂದ ಕುಂದಿಲ್ಲ ಎಂದರು. ಒಪ್ಪದೆ ನಿಂತವರು ಅಲ್-ಮಾವರ್ದಿ. ಅವರು ಜಲಾಲುದ್ದೌಲನಿಗೇ ಆಪ್ತರು. ಫತ್ವಾ ಹೊರಟ ಮೇಲೆ ಅರಮನೆಗೆ ಹೋಗುವುದನ್ನೇ ಬಿಟ್ಟರು. ಕೊನೆಗೆ ದೊರೆಯೇ ಕರೆಸಿ, ನೀವು ನನ್ನ ಸ್ನೇಹಕ್ಕಿಂತ ಸತ್ಯವನ್ನು ದೊಡ್ಡದು ಮಾಡಿದಿರಿ ಎಂಬ ಅರ್ಥದ ಮಾತಾಡಿ ಅವರನ್ನು ಗೌರವಿಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಬಿರುದನ್ನು ಕೊಡುವವನು ಖಲೀಫನೇ ಆದರೂ ಕೇಳಿಸಿಕೊಳ್ಳುವ ಜನ ಒಪ್ಪಬೇಕಿತ್ತು. ಆ ಇಟ್ಟಿಗೆಗಳ ಕತೆ ಹೇಳುವುದು ಇದನ್ನೇ.

ಮುಂದಿನ ಶತಮಾನಗಳನ್ನು ಬೇಗ ದಾಟಬಹುದು. ಸುಲ್ತಾನ, ಖಾನ ಎಂದು ಅರಬರ, ತುರ್ಕರ, ಮಂಗೋಲರ ಪದಗಳೆಲ್ಲ ಪರ್ಷಿಯನ್ ಬಿರುದುಗಳ ಜೊತೆ ಕೂಡಿಕೊಂಡವು. ಸೆಲ್ಜುಕ್ ದೊರೆ ಮಲಿಕ್ ಶಾಹನ ಹೆಸರೇ ಅರಬ್ಬಿಯ ರಾಜ ಮತ್ತು ಪರ್ಷಿಯನ್ನಿನ ರಾಜ ಸೇರಿದ್ದು. ಇದೇ ಹೊತ್ತಿಗೆ 'ಶಾಹ್' ಸೂಫಿಗಳ ಹೆಸರಿಗೂ ಅಂಟಿತು. ರಾಜ್ಯವಿಲ್ಲದ, ಆತ್ಮದ ಅರಸುತನ ಅದು. ಕೆರ್ಮಾನ್ ಸೀಮೆಯ ಶಾಹ್ ನಿಯಮತುಲ್ಲಾ ವಲಿಯ ಕೀರ್ತಿ ಕೇಳಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ಆ ಮನೆತನದವರನ್ನು ಬೀದರಿಗೆ ಕರೆಸಿಕೊಂಡ. ಅಷ್ಟೂರಿನಲ್ಲಿರುವ ಖಲೀಲುಲ್ಲಾ ಚೌಖಂಡಿ ನಿಯಮತುಲ್ಲಾ ಅವರ ಮಗನ ಗೋರಿ. ಪಕ್ಕದಲ್ಲೇ ಗೋರಿಯಿರುವ ಅಹ್ಮದ್ ಶಾಹನಿಗೂ, ಬರಗಾಲದಲ್ಲಿ ಆತ ಪ್ರಾರ್ಥಿಸಿ ಮಳೆ ತರಿಸಿದನೆಂಬ ನಂಬಿಕೆಯಿಂದ, 'ವಲಿ' ಎಂಬ ಹೆಸರು ಜನರ ಬಾಯಲ್ಲಿ ನಿಂತಿತು. 1501ರಲ್ಲಿ ತಬ್ರೀಜಿನಲ್ಲಿ ಪಟ್ಟಕ್ಕೆ ಬಂದ ಸಫವಿಗಳೂ ಮೂಲತಃ ಸೂಫಿ ಮನೆತನದವರೇ. ಶಾಹ್ ಅಬ್ಬಾಸನಂಥ ಪ್ರತಾಪಿಯೂ ನಾಣ್ಯದ ಮೇಲೆ 'ಶಾಹ್-ಎ-ವಿಲಾಯತನ ದಾಸ ಅಬ್ಬಾಸ್' ಎಂದೇ ಹಾಕಿಸಿದ. ನಿಜವಾದ ಶಾಹ್ ಇಮಾಮ್ ಅಲಿ, ತಾನು ಅವರ ಬಾಗಿಲ ಆಳು ಎಂಬ ವಿನಯ ಅದು. ಶಿಯಾ ಪ್ರಜೆಗಳ ನಿಷ್ಠೆಯನ್ನು ತನ್ನ ಕಡೆ ಕಟ್ಟಿಕೊಳ್ಳುವ ದಾರಿಯೂ ಹೌದು.

ಹದಿನೆಂಟನೇ ಶತಮಾನದಲ್ಲಿ ಶೀರಾಜಿನಿಂದ ಆಳಿದ ಕರೀಮ್ ಖಾನ್ ಜಂದ್ ಈ ಇಡೀ ಸಾಲಿನಲ್ಲಿ ಬೇರೆಯಾಗಿ ನಿಲ್ಲುತ್ತಾನೆ. ಇರಾನಿನ ಬಹುಭಾಗ ಕೈಯಲ್ಲಿದ್ದರೂ ಆತ ಶಾಹ್ ಎಂದು ಕರೆದುಕೊಳ್ಳಲಿಲ್ಲ. ಮೊದಲು ಸಫವಿ ಹುಡುಗನೊಬ್ಬನ ವಕೀಲನಾಗಿದ್ದು, ಕೊನೆಗೆ 'ವಕೀಲುರ್ರಿಆಯಾ', ಪ್ರಜೆಗಳ ವಕೀಲ ಎಂಬ ಹೆಸರನ್ನಿಟ್ಟುಕೊಂಡ. ಶೀರಾಜಿನಲ್ಲಿ ಇಂದಿಗೂ ವಕೀಲ್ ಬಜಾರ್, ವಕೀಲ್ ಮಸೀದಿ ಇವೆ. ಆತನೂ ಕತ್ತಿಯಿಂದಲೇ ಅಧಿಕಾರಕ್ಕೆ ಬಂದವನು. ಆದರೂ ಅಧಿಕಾರ ತನ್ನದಲ್ಲ, ಬೇರೆಯವರ ಪರವಾಗಿ ನಡೆಸುತ್ತಿರುವುದು ಎಂದು ಬಿರುದಿನಲ್ಲೇ ಒಪ್ಪಿಕೊಂಡ ದೊರೆ ಇರಾನಿನ ಇತಿಹಾಸದಲ್ಲಿ ಇನ್ನೊಬ್ಬ ಸಿಗುವುದು ಕಷ್ಟ.

ನಂತರದ ಕಾಜಾರರು ಶಹೆನ್‌ಶಾಹನ ಜೊತೆಗೆ ಖಾಕಾನ್ (ಖಾನರ ಖಾನ), ದೇವರ ನೆರಳು, ಜಗತ್ತಿನ ಕಿಬ್ಲಾ (ನಮಾಜಿಗೆ ಮುಖ ಮಾಡುವ ದಿಕ್ಕು) ಎಂಬೆಲ್ಲ ಹೆಸರುಗಳನ್ನು ಹೊತ್ತರು. ರಷ್ಯಾದ ಎದುರು ಸೋತು ಕಾಕಸಸ್ ಕಳೆದುಕೊಂಡ ಕಾಲವೂ ಅದೇ. ಅಧಿಕಾರಿಗಳಿಗೆ, ಕುಲೀನರಿಗೆ ದೌಲೆ, ಸಲ್ತನೆ, ಮುಲ್ಕ್ ಎಂದು ಕೊನೆಯಾಗುವ ಬಿರುದುಗಳನ್ನು ಧಾರಾಳವಾಗಿ ಹಂಚಿದರು. ಅವು ಹಣಕ್ಕೂ ಸಿಗುತ್ತಿದ್ದವು. ಮುಂದೆ ತೈಲೋದ್ಯಮವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮುಸದ್ದಿಕ್ ಅವರ ಹೆಸರೂ ಹಾಗೆ ಬಂದದ್ದೇ, ಅವರು 'ಮುಸದ್ದಿಕುಸ್ಸಲ್ತನೆ'. ಆದರೆ ಕಾಜಾರರ ಕಾಲದಲ್ಲಿ ದೇಶದ ಅಧಿಕೃತ ಹೆಸರನ್ನು ನೋಡಿ: 'ಮಮಾಲಿಕ್-ಎ-ಮಹ್ರೂಸೆ-ಯೆ ಇರಾನ್', ಇರಾನಿನ ರಕ್ಷಿತ ರಾಜ್ಯಗಳು. ಮತ್ತೆ ಬಹುವಚನ. ಬಖ್ತಿಯಾರಿ, ಕಶ್ಕಾಯ್ ಬುಡಕಟ್ಟುಗಳ ಇಲ್‌ಖಾನರು, ಕುರ್ದಿಸ್ತಾನದ ಅರ್ದಲಾನ್ ಮನೆತನ, ದಕ್ಷಿಣದ ಅರಬ್ ಶೇಖರು ತಮ್ಮ ತಮ್ಮ ನೆಲಗಳಲ್ಲಿ ಅರಸರಂತೆಯೇ ಇದ್ದರು. ಶಹೆನ್‌ಶಾಹನ ಕೆಳಗೆ ಇನ್ನೂ ಅರಸರಿದ್ದರು.

1906ರ ಸಂವಿಧಾನ ಕ್ರಾಂತಿ ಹಳೆಯ ಪ್ರಶ್ನೆಗಳಿಗೆ ಹೊಸ ಉತ್ತರ ಬರೆಯಿತು. 1907ರ ಪೂರಕ ಶಾಸನದ 35ನೇ ವಿಧಿಯ ಪ್ರಕಾರ ಅರಸುತನವೆಂಬುದು, ದೇವರ ಕೃಪೆಯಿಂದ, ಜನರು ಅರಸನ ಕೈಗೆ ಒಪ್ಪಿಸಿದ ಒಂದು ನಿಕ್ಷೇಪ. ಅದೇ ಶಾಸನದ 90ನೇ ವಿಧಿ 'ರಕ್ಷಿತ ರಾಜ್ಯಗಳ' ಎಲ್ಲೆಡೆ ಚುನಾಯಿತ ಪ್ರಾಂತೀಯ ಪರಿಷತ್ತುಗಳನ್ನು ಸ್ಥಾಪಿಸಬೇಕೆಂದಿತು. ಇಂದಿನ ಚರ್ಚೆಯಲ್ಲಿ 35ನೇ ವಿಧಿಯನ್ನು ನೆನೆಯುವವರು ಹಲವರಿದ್ದಾರೆ. 90ನೇ ವಿಧಿಯನ್ನು ನೆನೆಯುವವರು ಕಡಿಮೆ.

ಪಹ್ಲವಿಗಳು ಬಂದದ್ದು ಇಲ್ಲಿ. 1921ರಲ್ಲಿ ದಂಡು ಕಟ್ಟಿಕೊಂಡು ತೆಹರಾನಿಗೆ ನುಗ್ಗಿದ ಕೊಸ್ಸಾಕ್ ಪಡೆಯ ಅಧಿಕಾರಿ ರೆಜಾ ಖಾನ್, ತುರ್ಕಿಯ ಮಾದರಿ ನೋಡಿ 1924ರಲ್ಲಿ ಗಣರಾಜ್ಯವನ್ನೇ ತರಲು ಹೊರಟಿದ್ದ. ಧರ್ಮಗುರುಗಳು ವಿರೋಧಿಸಿದರು, ಗಣರಾಜ್ಯ ಬಿಟ್ಟು ಶಾಹ್ ಆದ. ಅರಸೊತ್ತಿಗೆಯನ್ನು 1979ರಲ್ಲಿ ಕಿತ್ತೆಸೆದದ್ದು ಅದೇ ಧರ್ಮಗುರುಗಳ ಮುಂದಿನ ಪೀಳಿಗೆ ಎಂಬುದನ್ನು ಎರಡೂ ಕಡೆಯವರು ಹೇಳಿಕೊಳ್ಳುವುದಿಲ್ಲ. 1925ರಲ್ಲಿ ಹಳೆಯ ಗೌರವ ಬಿರುದುಗಳೆಲ್ಲ ಕಾನೂನಿನಿಂದ ರದ್ದಾಗಿ ಎಲ್ಲರಿಗೂ ಮನೆತನದ ಹೆಸರು ಕಡ್ಡಾಯವಾಯಿತು. ಮೊಹಮ್ಮರಾದ ಶೇಖ್ ಖಜಲ್‌ನನ್ನು ಸೆರೆಹಿಡಿದು ತೆಹರಾನಿಗೆ ತಂದರು. ಬುಡಕಟ್ಟುಗಳನ್ನು ಬಲವಂತವಾಗಿ ಒಂದೆಡೆ ನೆಲೆಯೂರಿಸಿದರು. 1937-38ರ ಕಾನೂನು ಪ್ರಾಂತಗಳನ್ನು ಮರುವಿಂಗಡಿಸಿ, ಹಳೆಯ ಹೆಸರು ತೆಗೆದು, ಒಂದನೇ ಪ್ರಾಂತ, ಎರಡನೇ ಪ್ರಾಂತ ಎಂದು ಬರೀ ಅಂಕೆ ಕೊಟ್ಟಿತು. ರಸ್ತೆ, ರೈಲು, ಶಾಲೆ, ನ್ಯಾಯಾಲಯ ಬಂದದ್ದೂ ಈ ಕೇಂದ್ರೀಕರಣದಿಂದಲೇ, ಅದನ್ನು ಅಲ್ಲಗಳೆಯಲಾಗದು. ಆದರೆ ರಾಜ್ಯಗಳ ಬಹುವಚನ ಅಳಿಸಿಹೋಗಿ 'ಶಹೆನ್‌ಶಾಹಿ ದೇಶ' ಎಂಬ ಏಕವಚನ ಉಳಿಯಿತು. ಶಹೆನ್‌ಶಾಹನ ಕೆಳಗೆ ಇನ್ನು ಯಾವ ಶಾಹನೂ ಇರಲಿಲ್ಲ, ಇದ್ದವರು ತೆಹರಾನಿನಿಂದ ನೇಮಕವಾದ ಅಧಿಕಾರಿಗಳು ಮಾತ್ರ.

ಕೆಳಗಿನ ರಾಜರು ಇಲ್ಲವಾದಾಗ ಬಿರುದಿಗೆ ಬೇರೊಂದು ಆಸರೆ ಬೇಕಾಯಿತು. ಮಗ ಮಹಮ್ಮದ್ ರೆಜಾ ಅದನ್ನು ಪ್ರಾಚೀನತೆಯಲ್ಲಿ ಹುಡುಕಿದ. 1965ರಲ್ಲಿ ಸಂಸತ್ತು ಆತನಿಗೆ 'ಆರ್ಯಮೆಹ್ರ್', ಆರ್ಯರ ಸೂರ್ಯ ಎಂಬ ಹೊಸ ಬಿರುದು ಕೊಟ್ಟಿತು. 1967ರ ಪಟ್ಟಾಭಿಷೇಕದಲ್ಲಿ ಪತ್ನಿ ಫರಾ ಅವರಿಗೆ ಶಾಹ್‌ಬಾನು, ಅಂದರೆ ಸಾಮ್ರಾಜ್ಞಿ, ಎಂದು ಕಿರೀಟ ತೊಡಿಸಲಾಯಿತು. 1971ರಲ್ಲಿ ಪಾಸರ್ಗಾದಿನಲ್ಲಿ ಸೈರಸ್‌ನ ಗೋರಿಯ ಮುಂದೆ ನಿಂತು, ನೀನು ನಿಶ್ಚಿಂತೆಯಿಂದ ಮಲಗು, ನಾವು ಎಚ್ಚರವಿದ್ದೇವೆ ಎಂದ. ಅದೇ ವರ್ಷ ಇರಾಕಿನ ನಜಫ್‌ನಲ್ಲಿ ಗಡೀಪಾರಾಗಿದ್ದ ಧರ್ಮಗುರು ಖೊಮೇನಿ, ಒಂಬೈನೂರಕ್ಕೂ ಹೆಚ್ಚು ವರ್ಷ ಹಿಂದೆ ಬಗ್ದಾದಿನಲ್ಲಿ ಚರ್ಚೆಯಾಗಿದ್ದ ಅದೇ ಹದೀಸನ್ನು ಎತ್ತಿ, ರಾಜರ ರಾಜ ಎಂಬುದು ದೇವರಿಗೆ ಅತ್ಯಂತ ಅಸಹ್ಯವಾದ ಬಿರುದು ಎಂದು ಸಾರಿದರು. 1976ರಲ್ಲಿ ಶಾಹ್ ಪಂಚಾಂಗವನ್ನೇ ಸೈರಸ್‌ನಿಂದ ಎಣಿಸುವಂತೆ ಬದಲಾಯಿಸಿದ್ದರಿಂದ ಇರಾನಿನ ಪಂಚಾಂಗದ 1355ನೇ ವರ್ಷ ಒಮ್ಮೆಲೇ 2535 ಆಯಿತು. ದಂಗೆ ಬಿಸಿಯೇರಿದ 1978ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ತಡವಾಗಿತ್ತು, 1979ರ ಜನವರಿ 16ರಂದು ಆತ ದೇಶ ಬಿಟ್ಟ.

ಹೊಸ ಗಣರಾಜ್ಯ 'ಶಾಹ್' ಪದದ ಮೇಲೇ ಮುಗಿಬಿತ್ತು. ಬಂದರ್ ಶಾಹ್ ಎಂಬ ಊರು ಬಂದರ್ ತುರ್ಕಮನ್ ಆಯಿತು, ಶಾಹೀ ಎಂಬುದು ಕಾಯಿಮ್ ಶಹರ್ ಆಯಿತು, ಇಸ್ಫಹಾನಿನ ಶಾಹ್ ಮಸೀದಿ ಇಮಾಮ್ ಮಸೀದಿಯಾಯಿತು. ಕೆರ್ಮಾನ್‌ಶಾಹ್ ಕೂಡ ಬಾಖ್ತರಾನ್ ಆಗಿ, ಜನ ಬಳಸದ ಕಾರಣ 1990ರ ದಶಕದಲ್ಲಿ ಹಳೆಯ ಹೆಸರಿಗೇ ಮರಳಿತು. ಶೀರಾಜಿನ ಶಾಹ್ ಚರಾಗ್ ದರ್ಗಾದ ಹೆಸರನ್ನು ಮುಟ್ಟಲಾಗಲಿಲ್ಲ. ಆ ಶಾಹ್ ಅರಮನೆಯವನಲ್ಲ, ಇಮಾಮರ ಕುಲದವರು. ಅರಸನ ಹೆಸರು ಹೋದರೂ ಆಡಳಿತದ ಆಕಾರ ಬದಲಾಗಲಿಲ್ಲ ಎಂಬುದು ನನ್ನ ಮುಖ್ಯ ತಕರಾರು. ಪ್ರಾಂತಾಧಿಕಾರಿಗಳು ಈಗಲೂ ತೆಹರಾನಿನಿಂದಲೇ ನೇಮಕವಾಗುತ್ತಾರೆ. ಶಾಲೆಗಳಲ್ಲಿ ಪ್ರಾದೇಶಿಕ ಭಾಷೆಗಳ ಸಾಹಿತ್ಯ ಕಲಿಸಬಹುದೆಂದು ಗಣರಾಜ್ಯದ ಸಂವಿಧಾನದ 15ನೇ ವಿಧಿ ಹೇಳಿದರೂ ಕುರ್ದಿ, ಅಜರಿ, ಬಲೂಚಿ ಮಾತಾಡುವವರು ಅದಕ್ಕಾಗಿ ಇಂದಿಗೂ ಬೇಡಿಕೆ ಇಡುತ್ತಲೇ ಇದ್ದಾರೆ.

ಈಗ ರೆಜಾ ಪಹ್ಲವಿಯವರ ವಿಷಯ. ತಂದೆ ಕೈರೋದಲ್ಲಿ ತೀರಿಕೊಂಡ ಮೇಲೆ, 1980ರ ಅಕ್ಟೋಬರ್ 31ರಂದು, ತಮಗೆ ಇಪ್ಪತ್ತು ತುಂಬಿದ ದಿನ ಅವರು ತಾವೇ ಶಾಹ್ ಎಂದು ಘೋಷಿಸಿಕೊಂಡರು. ವರ್ಷಗಳು ಕಳೆದಂತೆ ಆ ಬಿರುದನ್ನು ಹಿಂದೆ ಸರಿಸಿ, ಅರಸೊತ್ತಿಗೆಯೋ ಗಣರಾಜ್ಯವೋ ಎಂಬುದನ್ನು ಜನ ಮತ ಹಾಕಿ ತೀರ್ಮಾನಿಸಲಿ ಎನ್ನತೊಡಗಿದರು. 2023ರ ಜನವರಿಯಲ್ಲಿ ಅವರ ಬೆಂಬಲಿಗರು 'ನಾನು ವಕಾಲತ್ತು ಕೊಡುತ್ತೇನೆ' ಎಂಬ ಸಹಿ ಅಭಿಯಾನವನ್ನು ಜಾಲತಾಣಗಳಲ್ಲಿ ನಡೆಸಿದಾಗ ನನಗೆ ನೆನಪಾದದ್ದು ಶೀರಾಜಿನ ವಕೀಲ. ಅಧಿಕಾರ ಕೊಡುವವರು ಯಾರು ಎಂಬುದಕ್ಕೆ ಇದು ಒಳ್ಳೆಯ ಉತ್ತರವೇ. ಮುಂದಿನ ತಿಂಗಳು ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಮಸಿಹ್ ಅಲಿನೆಜಾದ್, ಹಾಮಿದ್ ಇಸ್ಮಾಯಿಲಿಯೋನ್ ಮುಂತಾದ ಗಣರಾಜ್ಯ-ವಿರೋಧಿ ಹೋರಾಟಗಾರರ ಜೊತೆ ಅವರೂ ಒಂದೇ ವೇದಿಕೆಗೆ ಬಂದರು. ಕುರ್ದ್ ಪಕ್ಷ ಕೊಮಲಾದ ಅಬ್ದುಲ್ಲಾ ಮೊಹ್ತದಿ ಕೂಡ ಆ ಒಕ್ಕೂಟದ ಸನ್ನದಿಗೆ ಕೈಜೋಡಿಸಿದರು. ಕೆಲವೇ ವಾರಗಳಲ್ಲಿ ಒಕ್ಕೂಟ ಮುರಿದುಬಿತ್ತು. ಕಾರಣಗಳು ಹಲವಿದ್ದವು, ಅವುಗಳಲ್ಲಿ ದೇಶದ ಅಖಂಡತೆ ಮತ್ತು ಪ್ರಾಂತಗಳ ಅಧಿಕಾರದ ಕುರಿತ ಭಿನ್ನಮತವೂ ಒಂದು.

ಅರಸೊತ್ತಿಗೆಯ ಬೆಂಬಲಿಗರು 'ಶಾಹ್' ಎಂದಾಗ ಅವರ ಮನಸ್ಸಿನಲ್ಲಿರುವುದು ಭದ್ರವಾದ ದೇಶ, ಬೆಲೆಯಿರುವ ನಾಣ್ಯ, ತಲೆಯೆತ್ತಿ ನಡೆಯುವ ಪಾಸ್‌ಪೋರ್ಟ್. ಸನಂದಜಿನ ಕುರ್ದನಿಗೆ, ಜಾಹೇದಾನಿನ ಬಲೂಚನಿಗೆ ಅದೇ ಪದದಲ್ಲಿ ಕೇಳಿಸುವುದು ಅಂಕೆ ಹಾಕಿದ ಪ್ರಾಂತ ಮತ್ತು ಶಾಲೆಯಲ್ಲಿಲ್ಲದ ತಾಯ್ನುಡಿ. ಇಬ್ಬರ ನೆನಪೂ ಸುಳ್ಳಲ್ಲ. ಹಾಗಿರುವಾಗ ಶಾಹ್ ಬೇಕೆ, ಬೇಡವೆ ಎಂದಷ್ಟೇ ಜನಮತ ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತಾಗುತ್ತದೆ. ಪ್ರಾಂತದ ಮುಖ್ಯಸ್ಥನನ್ನು ಯಾರು ಆರಿಸಬೇಕು, ಪರಿಷತ್ತಿಗೆ ಎಷ್ಟು ಹಣ, ಎಷ್ಟು ಅಧಿಕಾರ, ಪಾಠ ಯಾವ ಭಾಷೆಯಲ್ಲಿ ಎಂಬುದೂ ಅದೇ ಮತಪತ್ರದ ಜೊತೆಗೆ ಜನರ ಮುಂದೆ ಬರಬೇಕು. ಅದಕ್ಕೆ ಬೇಕಾದ ಮೊದಲ ಕರಡು 1907ರಲ್ಲೇ, 90ರಿಂದ 93ನೇ ವಿಧಿಯವರೆಗೆ, ಪರ್ಷಿಯನ್ನಿನಲ್ಲೇ ಬರೆದಿಟ್ಟಿದೆ.